ಧರ್ಮಸ್ಥಳ ಪಾದಯಾತ್ರೆ: ಹೊರಡುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು

ಕಾರ್ತಿಕ ಮುಗಿಯುತ್ತಿದ್ದಂತೆ ನನಗೆ ಫೋನ್ ಬರಲು ಶುರುವಾಗುತ್ತದೆ. "ಅಕ್ಕ, ಈ ಸಲ ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದುಕೊಂಡೇ ಹೋಗೋಣ ಅಂತಿದ್ದೀವಿ. ಏನೇನು ತಗೋಬೇಕು?" ನಮ್ಮ ಬೀದಿಯ ತಂಡದ ಜೊತೆ ಬೆಂಗಳೂರಿನಿಂದ ಆರು ಸಲ ಹೊರಟಿದ್ದೇನೆ, ಐದು ಸಲ ತಲುಪಿದ್ದೇನೆ. ತಲುಪದ ಆ ಒಂದು ವರ್ಷವೇ ನನಗೆ ಹೆಚ್ಚು ಕಲಿಸಿತು. ಪ್ರತಿ ವರ್ಷ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಬೇರೆ ಊರಿನಿಂದ, ಬೇರೆ ಕ್ಷೇತ್ರಕ್ಕೆ ನಡೆಯುವವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಒಟ್ಟು ಎಷ್ಟು ದೂರ? ಎಷ್ಟು ದಿನ ಬೇಕು?

ಬೆಂಗಳೂರಿನಿಂದ 300 ಕಿ.ಮೀ. ದಾಟುತ್ತದೆ. ನಿಮ್ಮ ಮನೆ ಊರಿನ ಯಾವ ಮೂಲೆಯಲ್ಲಿದೆ ಎನ್ನುವುದರ ಮೇಲೆ ಹತ್ತಿಪ್ಪತ್ತು ಕಿ.ಮೀ. ಹೆಚ್ಚುಕಡಿಮೆ. ನಾವು ಹೋಗುವ ದಾರಿ ಇದು: ನೆಲಮಂಗಲ, ಸೋಲೂರು, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ, ಆಮೇಲೆ ಧರ್ಮಸ್ಥಳ.

ಏಳೆಂಟು ದಿನದಲ್ಲಿ ಮುಗಿಸುವ ತಂಡಗಳಿವೆ. ಅವರು ದಿನಕ್ಕೆ 40 ಕಿ.ಮೀ. ಮೇಲೆ ನಡೆಯುತ್ತಾರೆ. ಅವರೆಲ್ಲ ವರ್ಷ ವರ್ಷವೂ ನಡೆದು ಕಾಲು ಪಳಗಿದವರು. ಮೊದಲ ಸಲದವರಿಗೆ ನಾನು 11 ಅಥವಾ 12 ದಿನ ಹೇಳುತ್ತೇನೆ. ದಿನಕ್ಕೆ 25ರಿಂದ 30 ಕಿ.ಮೀ. ಸಾಕು. "ರಜೆ ಅಷ್ಟು ಸಿಗಲ್ಲ" ಅನ್ನುವವರು ಹಾಸನದಿಂದ ಶುರು ಮಾಡಿ. ಅಲ್ಲಿಂದ ಐದಾರು ದಿನದ ದಾರಿ. ಹರಕೆ ಹೊತ್ತವರು ಮನೆ ಬಾಗಿಲಿಂದಲೇ ಹೊರಡಬೇಕು ಅಂದುಕೊಂಡಿರುತ್ತಾರೆ, ಅದು ನನಗೆ ಅರ್ಥವಾಗುತ್ತದೆ. ಆದರೆ 40 ಕಿ.ಮೀ. ಲೆಕ್ಕ ಹಾಕಿಕೊಂಡು ಹೊಸಬರು ಹೊರಟಾಗ ಮೂರನೇ ದಿನ ಏನಾಗುತ್ತದೆ ಅಂತ ನೋಡಿದ್ದೇನೆ.

ಯಾವ ದಿನ ಹೊರಡಬೇಕು?

ಎಲ್ಲರೂ ಶಿವರಾತ್ರಿಯಿಂದ ಹಿಂದಕ್ಕೆ ಎಣಿಸುತ್ತಾರೆ. ಹಬ್ಬದ ದಿನ ಸಂಜೆ ತಲುಪುವ ಹಾಗೆ ಲೆಕ್ಕ ಹಾಕುತ್ತಾರೆ. ಇದರಲ್ಲಿ ಎರಡು ತೊಂದರೆ. ದಾರಿಯಲ್ಲಿ ಒಬ್ಬರಿಗೆ ಒಂದು ದಿನ ಸುಸ್ತಾದರೂ ನಿಲ್ಲುವ ಹಾಗಿಲ್ಲ. ತಲುಪಿದ ರಾತ್ರಿಯೇ ಜಾಗರಣೆ ಬೇರೆ. ನಡೆದು ನಡೆದು ಹಣ್ಣಾದ ದೇಹವನ್ನು ರಾತ್ರಿಯಿಡೀ ಕೂರಿಸಿಕೊಳ್ಳುವುದು ಕಷ್ಟ. ಹಬ್ಬಕ್ಕೆ ಒಂದು ದಿನ ಮುಂಚೆ ತಲುಪುವಂತೆ ಯೋಚಿಸಿ. ಜೊತೆಗೆ ನಡುವೆ ಒಂದು ಖಾಲಿ ದಿನ ಇಟ್ಟುಕೊಳ್ಳಿ. ಬೇಕಾಗದಿದ್ದರೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ವಿಶ್ರಾಂತಿ ತಗೊಳ್ಳಿ.

ಹಬ್ಬ ಯಾವಾಗ ಬರುತ್ತದೆ ಅನ್ನುವುದೂ ಮುಖ್ಯ. 2024ರಲ್ಲಿ ಶಿವರಾತ್ರಿ ಮಾರ್ಚ್ 8ಕ್ಕೆ ಬಂತು, 2025ರಲ್ಲಿ ಫೆಬ್ರವರಿ 26ಕ್ಕೆ, 2026ರಲ್ಲಿ ಫೆಬ್ರವರಿ 15ಕ್ಕೆ. ಮೂರು ವಾರದ ವ್ಯತ್ಯಾಸ ಅಂದರೆ ಬಿಸಿಲಿನಲ್ಲಿ ಬಹಳ ವ್ಯತ್ಯಾಸ. ಶಿವರಾತ್ರಿಗೆ ಚಳಿ "ಶಿವ ಶಿವ" ಅಂತ ಹೋಗುತ್ತದೆ ಅನ್ನುತ್ತಾರಲ್ಲ, ಹಬ್ಬ ಬೇಗ ಬಂದ ವರ್ಷ ಆ ಚಳಿ ಇನ್ನೂ ಹೋಗಿರುವುದಿಲ್ಲ. ಹಾಸನ, ಮೂಡಿಗೆರೆ ಕಡೆ ಬೆಳಗಿನ ಜಾವ ನಡುಗಿಸುತ್ತದೆ. ತಡವಾಗಿ ಬಂದ ವರ್ಷ ಮಧ್ಯಾಹ್ನದ ಡಾಂಬರು ಸುಡುತ್ತದೆ.

ಚಾರ್ಮಾಡಿಯೋ, ಶಿರಾಡಿಯೋ?

ಚಾರ್ಮಾಡಿ. ಶಿರಾಡಿ ಘಾಟಿ ಬೆಂಗಳೂರು-ಮಂಗಳೂರು ಹೆದ್ದಾರಿ. ಹಗಲೂ ರಾತ್ರಿಯೂ ಲಾರಿ, ಟ್ಯಾಂಕರ್, ಬಸ್ಸು. ಚಾರ್ಮಾಡಿಯಲ್ಲಿ 2019ರ ಮಳೆಗಾಲದಲ್ಲಿ ಗುಡ್ಡ ಕುಸಿದ ನಂತರ ಭಾರಿ ವಾಹನಗಳಿಗೆ ನಿರ್ಬಂಧ ಬಂತು. ನಡೆಯುವವರಿಗೆ ಅದೇ ದೊಡ್ಡ ಸಮಾಧಾನ. ನೆರಳೂ ಜಾಸ್ತಿ. ಸಕಲೇಶಪುರದ ಕಡೆಯವರು ಮಾತ್ರ ಶಿರಾಡಿ ಇಳಿಯಲೇಬೇಕಾಗುತ್ತದೆ. ಅವರು ಪೂರ್ತಿ ಬೆಳಕಿನಲ್ಲೇ ಇಳಿಯಲಿ.

ಅಭ್ಯಾಸ ಬೇಕೇ ಬೇಕಾ? ನಾನು ದಿನಾ ವಾಕಿಂಗ್ ಹೋಗುತ್ತೇನಲ್ಲ.

ದಿನಾ ಪಾರ್ಕಿನಲ್ಲಿ ಮೂರು ಕಿ.ಮೀ. ನಡೆಯುವುದು ಒಳ್ಳೆಯದೇ. ಆದರೆ ಅದು ಈ ನಡಿಗೆಗೆ ಅಭ್ಯಾಸ ಅಲ್ಲ. ಪಾರ್ಕಿನಿಂದ ಮನೆಗೆ ಬಂದು ಕಾಲು ಚಾಚಿ ಕೂರುತ್ತೀರಿ. ಇಲ್ಲಿ 30 ಕಿ.ಮೀ. ನಡೆದು ಮಲಗಿ, ಎದ್ದು, ನೋಯುವ ಕಾಲಿನಲ್ಲೇ ಮತ್ತೆ 30 ನಡೆಯಬೇಕು. ದೇಹಕ್ಕೆ ಕಲಿಸಬೇಕಾದದ್ದು ಆ ಎರಡನೇ ದಿನವನ್ನು.

ಎಂಟು ವಾರ ಇಟ್ಟುಕೊಳ್ಳಿ. ವಾರದ ದಿನಗಳಲ್ಲಿ ಐದಾರು ಕಿ.ಮೀ. ಭಾನುವಾರ 10, ಆಮೇಲೆ 15, ಆಮೇಲೆ 20, 25. ಆರನೇ ಏಳನೇ ವಾರದಲ್ಲಿ ಶನಿವಾರ 20, ಭಾನುವಾರ ಮತ್ತೆ 20. ಹೊರಡುವ ಹಿಂದಿನ ವಾರ ಹಗುರವಾಗಿ ನಡೆದು ಕಾಲಿಗೆ ವಿಶ್ರಾಂತಿ ಕೊಡಿ. ಸಂಕ್ರಾಂತಿ ಆದ ಮೇಲೆ ಶುರು ಮಾಡಿದರೆ ಇಷ್ಟು ಸಮಯ ಸಿಗುವುದಿಲ್ಲ.

ಅಭ್ಯಾಸವನ್ನು ಡಾಂಬರು ರಸ್ತೆಯಲ್ಲೇ ಮಾಡಿ. ಯಾತ್ರೆಗೆ ಹಾಕಿಕೊಳ್ಳುವ ಶೂ, ಅದೇ ಸಾಕ್ಸ್, ಹೆಗಲಿಗೆ ಅದೇ ಬ್ಯಾಗು, ಅದರಲ್ಲಿ ಅಷ್ಟೇ ತೂಕ. ಎರಡು ಮೂರು ಸಲ ಶಿವಗಂಗೆ ಹತ್ತಿ ಇಳಿಯಿರಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲಿದೆ. ಹತ್ತುವುದಕ್ಕಿಂತ ಇಳಿಯುವುದನ್ನು ಗಮನಿಸಿ. ಚಾರ್ಮಾಡಿಯಲ್ಲಿ ಬೇಕಾಗುವುದು ಅದೇ.

ಶೂ ಹೊಸದು ಕೊಳ್ಳಲೇ? ಎಂಥದು?

ಕೊಳ್ಳಬೇಕಾದರೆ ಎರಡು ತಿಂಗಳ ಮುಂಚೆ ಕೊಳ್ಳಿ. ಹೊರಡುವ ಹೊತ್ತಿಗೆ ಆ ಶೂನಲ್ಲಿ ಕನಿಷ್ಠ 100 ಕಿ.ಮೀ. ನಡೆದಿರಬೇಕು. ಇದರಲ್ಲಿ ರಾಜಿ ಬೇಡ.

ಬೆಟ್ಟ ಹತ್ತುವ ದಪ್ಪ ಬೂಟು ಬೇಡ. ನಮ್ಮದು ಪೂರ್ತಿ ರಸ್ತೆಯ ದಾರಿ. ಬೂಟು ಭಾರ, ಒಳಗೆ ಸೆಕೆ. ಓಡುವವರು ಹಾಕುವ, ಅಡಿ ದಪ್ಪವಿದ್ದು ಮೇಲ್ಭಾಗ ಬಲೆಬಲೆಯಾಗಿರುವ ಶೂ ಸಾಕು. ಅಂಗಡಿಗೆ ಸಂಜೆ ಹೋಗಿ. ದಿನವಿಡೀ ಓಡಾಡಿದ ಕಾಲು ಸಂಜೆಗೆ ಸ್ವಲ್ಪ ಊದಿರುತ್ತದೆ. ಯಾತ್ರೆಯಲ್ಲಿ ಇನ್ನೂ ಜಾಸ್ತಿ ಊದುತ್ತದೆ. ಆದ್ದರಿಂದ ನಿಮ್ಮ ಅಳತೆಗಿಂತ ಅರ್ಧ ಅಥವಾ ಒಂದು ಸೈಜು ದೊಡ್ಡದು ತಗೊಳ್ಳಿ. ನಿಂತಾಗ ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರಬೇಕು. ಹಿಮ್ಮಡಿ ಮಾತ್ರ ಮೇಲೆ ಕೆಳಗೆ ಜಾರಬಾರದು. ಎರಡೂ ಕಾಲಿಗೆ ಹಾಕಿ ಅಂಗಡಿಯೊಳಗೆ ಹತ್ತು ನಿಮಿಷ ನಡೆಯಿರಿ, ಅವರೇನೂ ಬೇಡ ಅನ್ನುವುದಿಲ್ಲ. ಹೆಸರಾಂತ ಬ್ರ್ಯಾಂಡೇ ಆಗಬೇಕೆಂದಿಲ್ಲ. ನಮ್ಮ ತಂಡದಲ್ಲಿ ಸಾವಿರದೈನೂರು ರೂಪಾಯಿಯ ಶೂನಲ್ಲಿ ನೆಮ್ಮದಿಯಾಗಿ ತಲುಪಿದವರಿದ್ದಾರೆ, ಎಂಟು ಸಾವಿರದ ಶೂ ಕಚ್ಚಿ ಕುಂಟಿದವರೂ ಇದ್ದಾರೆ.

ಜೊತೆಗೆ ಹಿಂದೆ ಪಟ್ಟಿ ಇರುವ ಒಂದು ಹಗುರ ಸ್ಯಾಂಡಲ್ ಇರಲಿ. ತಂಗಿದ ಕಡೆ ಕಾಲಿಗೆ ಗಾಳಿ ಆಡಬೇಕು. ಶೂ ಎಲ್ಲೋ ಕಚ್ಚಿದರೆ ಅರ್ಧ ದಿನ ಸ್ಯಾಂಡಲ್‌ನಲ್ಲೂ ನಡೆಯಬಹುದು.

ಬರಿಗಾಲಿನಲ್ಲಿ ಬರುತ್ತೇನೆಂದು ಹರಕೆ ಇದೆ. ಏನು ಮಾಡಲಿ?

ಹರಕೆಯ ವಿಷಯ ನಿಮ್ಮ ಮತ್ತು ಮಂಜುನಾಥನ ನಡುವಿನದು. ನಾನು ಬೇಡ ಅನ್ನುವುದಿಲ್ಲ. ಆದರೆ ಬರಿಗಾಲಿಗೂ ತಯಾರಿ ಬೇಕು. ಎರಡು ತಿಂಗಳು ದಿನಾ ಸ್ವಲ್ಪ ಸ್ವಲ್ಪ ಹೊರಗೆ ಬರಿಗಾಲಲ್ಲಿ ನಡೆದು ಅಂಗಾಲನ್ನು ಗಟ್ಟಿ ಮಾಡಿಕೊಳ್ಳಿ. ಬೆಳಿಗ್ಗೆ ಒಂಬತ್ತೂವರೆ ನಂತರ ಡಾಂಬರಿನ ಮೇಲೆ ಕಾಲಿಡಬೇಡಿ. ರಸ್ತೆ ಬದಿಯ ಮಣ್ಣಿನಲ್ಲಿ ಗಾಜಿನ ಚೂರು, ತಂತಿ, ಮುಳ್ಳು ಇರುತ್ತವೆ. ಟೆಟನಸ್ ಚುಚ್ಚುಮದ್ದು ಯಾವಾಗ ಹಾಕಿಸಿಕೊಂಡಿರಿ ಅಂತ ನೋಡಿಕೊಳ್ಳಿ. ನಮ್ಮ ತಂಡದ ಹಿರಿಯರೊಬ್ಬರು ದಾರಿಯುದ್ದ ಶೂ ಹಾಕಿ, ಉಜಿರೆಯಿಂದ ಕೊನೆಯ 9 ಕಿ.ಮೀ. ಮಾತ್ರ ಬರಿಗಾಲಲ್ಲಿ ನಡೆಯುತ್ತಾರೆ. ಅವರ ಹರಕೆ ಹಾಗೇ ಇದೆ. ಹೊಸದಾಗಿ ಹರಕೆ ಹೊರುವವರು ಇದನ್ನು ಯೋಚಿಸಬಹುದು.

ಸಕ್ಕರೆ ಕಾಯಿಲೆ ಇರುವವರು ಮಾತ್ರ ಬರಿಗಾಲಲ್ಲಿ ದಯವಿಟ್ಟು ಬೇಡ. ಅಂಗಾಲಿನ ಸ್ಪರ್ಶ ಕಡಿಮೆಯಾಗಿದ್ದರೆ ಗಾಯ ಆದದ್ದೇ ಗೊತ್ತಾಗುವುದಿಲ್ಲ. ಆ ಗಾಯ ಬೇಗ ಮಾಯುವುದೂ ಇಲ್ಲ.

ಕಾಲಿಗೆ ಬೊಬ್ಬೆ ಬಂದರೆ?

ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನನ್ನ ಮೊದಲ ವರ್ಷ. ಹೊರಡುವ ಹಿಂದಿನ ವಾರ ಕೊಂಡ ಶೂ. ಎರಡನೇ ದಿನ ಸೋಲೂರು ದಾಟಿದ ಮೇಲೆ ಎಡ ಹಿಮ್ಮಡಿಯಲ್ಲಿ ಉರಿ ಶುರುವಾಯಿತು. ಸಾಲಿನಲ್ಲಿ ಇಪ್ಪತ್ತು ಜನ ನಡೆಯುತ್ತಿದ್ದಾರೆ, ನನ್ನ ಮುಂದೆ 60 ದಾಟಿದ ಅಜ್ಜಿ ಭಜನೆ ಹೇಳುತ್ತಾ ಹೋಗುತ್ತಿದ್ದಾರೆ. ನಾನೊಬ್ಬಳು ಹೇಗೆ ನಿಲ್ಲಲಿ ಅಂತ ಸಂಕೋಚ. ಮುಂದಿನ ನಿಲುಗಡೆಯಲ್ಲಿ ನೋಡಿದರಾಯಿತು ಅಂದುಕೊಂಡೆ. ಹಾಗೆ ಅಂದುಕೊಂಡೇ ಕುಣಿಗಲ್ ದಾಟಿದೆ. ಯಡಿಯೂರಿನಲ್ಲಿ ಸಾಕ್ಸ್ ಬಿಚ್ಚಿದಾಗ ಅದು ಚರ್ಮಕ್ಕೆ ಅಂಟಿತ್ತು. ಎರಡೂ ಹಿಮ್ಮಡಿ ಸುಲಿದಿತ್ತು. ಚನ್ನರಾಯಪಟ್ಟಣದವರೆಗೆ ಹೇಗೋ ಎಳೆದೆ. ಅಲ್ಲಿಂದ ಬಸ್ಸಿನಲ್ಲಿ ಮನೆಗೆ ಬಂದೆ. ಆ ಉರಿ ಶುರುವಾದಾಗ ಐದು ನಿಮಿಷ ನಿಂತು ಒಂದು ಟೇಪು ಅಂಟಿಸಿದ್ದರೆ ಬಹುಶಃ ಮಂಜುನಾಥನ ದರ್ಶನ ಆಗುತ್ತಿತ್ತು.

ಬೊಬ್ಬೆ ಇದ್ದಕ್ಕಿದ್ದಂತೆ ಬರುವುದಿಲ್ಲ. ಮೊದಲು ಒಂದು ಕಡೆ ಬಿಸಿಯಾಗುತ್ತದೆ, ಆಮೇಲೆ ಉರಿಯುತ್ತದೆ, ಆಮೇಲೆ ನೀರು ತುಂಬುತ್ತದೆ. ಬಿಸಿ ಅನ್ನಿಸಿದ ತಕ್ಷಣ ನಿಲ್ಲಿ. ಸಾಕ್ಸ್ ತೆಗೆದು, ಕಾಲು ಒರೆಸಿ, ಬೆವರು ಆರಲು ಬಿಡಿ. ಮಣ್ಣಿನ ಕಣ ಇದ್ದರೆ ಕೊಡವಿ. ಆ ಜಾಗಕ್ಕೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಬಟ್ಟೆಯ ಟೇಪನ್ನು ಸುಕ್ಕಿಲ್ಲದೆ ಅಂಟಿಸಿ. ಟೇಪಿನ ಮೂಲೆಗಳನ್ನು ಗುಂಡಗೆ ಕತ್ತರಿಸಿದರೆ ಬೇಗ ಏಳುವುದಿಲ್ಲ. ಒಣಗಿದ ಸಾಕ್ಸ್ ಹಾಕಿ ಹೊರಡಿ.

ನೀರು ತುಂಬಿ ಆಗಿದ್ದರೆ, ಚಿಕ್ಕದಾದರೆ ಒಡೆಯಬೇಡಿ. ಟೇಪು ಹಾಕಿ ಬಿಡಿ. ದೊಡ್ಡದಾಗಿ, ಕಾಲೂರಲು ಆಗದಂತಿದ್ದರೆ ಕೈ ಸೋಪಿನಿಂದ ತೊಳೆದು, ಹೊಸ ಸೂಜಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಅಂಚಿನಲ್ಲಿ ಸಣ್ಣದಾಗಿ ಚುಚ್ಚಿ ನೀರು ಇಳಿಸಿ. ಮೇಲಿನ ಚರ್ಮ ಕೀಳಬೇಡಿ, ಅದೇ ಒಳಗಿನ ಹಸಿ ಚರ್ಮಕ್ಕೆ ರಕ್ಷೆ. ನಂಜು ನಿವಾರಕ ಮುಲಾಮು ಹಚ್ಚಿ ಪಟ್ಟಿ ಕಟ್ಟಿ. ಕೆಲವರು ಸೂಜಿಯಲ್ಲಿ ದಾರ ಪೋಣಿಸಿ ಒಳಗೇ ಬಿಡುತ್ತಾರೆ. ದಾರದ ಜೊತೆ ಕೊಳೆಯೂ ಒಳಗೆ ಹೋಗುತ್ತದೆ, ಅದು ಬೇಡ. ಸುತ್ತ ಕೆಂಪಾಗಿ, ಕೀವಾಗಿ, ಜ್ವರ ಬಂದರೆ ನಡಿಗೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಈಗ ನಮ್ಮ ತಂಡದಲ್ಲಿ ಒಂದು ಪದ್ಧತಿ ಇದೆ. ಹೊರಟ ಒಂದು ಗಂಟೆಗೆ ಎಲ್ಲರೂ ನಿಲ್ಲಬೇಕು, ಎಲ್ಲರೂ ಶೂ ಬಿಚ್ಚಬೇಕು. ನೋವಿದ್ದವರೂ, ಇಲ್ಲದವರೂ. ಎಲ್ಲರೂ ಬಿಚ್ಚಿದಾಗ ಯಾರಿಗೂ ಸಂಕೋಚ ಇರುವುದಿಲ್ಲ ಅಲ್ವಾ?

ಸಾಕ್ಸ್ ಎಷ್ಟು ಜೊತೆ?

ಮೂರು. ಒಂದು ಕಾಲಿನಲ್ಲಿ, ಒಂದು ಬ್ಯಾಗಿನ ಹಿಂದೆ ಪಿನ್ ಹಾಕಿ ಒಣಗುತ್ತಾ, ಒಂದು ರಾತ್ರಿಗೆ. ಪೂರ್ತಿ ಹತ್ತಿಯದು ಬೆವರು ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆ ಚರ್ಮ ಬೇಗ ಸುಲಿಯುತ್ತದೆ. ಸ್ಪೋರ್ಟ್ಸ್ ಸಾಕ್ಸ್ ತಗೊಳ್ಳಿ. ಮಧ್ಯಾಹ್ನ ಒಮ್ಮೆ ಬದಲಿಸಿ.

ಬ್ಯಾಗಿನಲ್ಲಿ ಏನೇನು ಇರಬೇಕು?

ಮೊದಲು ತೂಕ. ಲಗೇಜು ಗಾಡಿ ಇದ್ದರೆ ಹೆಗಲ ಮೇಲೆ ಮೂರು ಕಿಲೋ ಮೀರಬಾರದು. ಎಲ್ಲವನ್ನೂ ನೀವೇ ಹೊರುವುದಾದರೆ ನೀರೂ ಸೇರಿ ಆರೇಳು ಕಿಲೋ. ಮನೆಯ ತಕ್ಕಡಿಯಲ್ಲಿ ತೂಗಿಯೇ ನೋಡಿ, ಅಂದಾಜು ಸಾಲದು. ನಮ್ಮ ದಾರಿಯಲ್ಲಿ ಹತ್ತು ಹದಿನೈದು ಕಿ.ಮೀ.ಗೆ ಒಂದು ಊರು ಸಿಗುತ್ತದೆ. ಸೋಪು ಮರೆತರೆ ಕುಣಿಗಲ್‌ನಲ್ಲಿ ಕೊಳ್ಳಬಹುದು. "ಇರಲಿ, ಬೇಕಾಗಬಹುದು" ಅಂತ ಹಾಕಿದ ಒಂದೊಂದೂ ಮೂರನೇ ದಿನ ಹೆಗಲನ್ನು ಕೊಯ್ಯುತ್ತದೆ.

ಹೆಗಲ ಬ್ಯಾಗಿನಲ್ಲಿ: ಒಂದು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ ನಾಲ್ಕು, ಟೇಪು ಮತ್ತು ಸಣ್ಣ ಕತ್ತರಿ, ವ್ಯಾಸಲಿನ್, ನಿಮ್ಮ ದಿನದ ಮಾತ್ರೆ, ಒಂದು ಜೊತೆ ಸಾಕ್ಸ್, ತೆಳ್ಳನೆಯ ಟವೆಲ್, ಟೋಪಿ, ಹಣೆಗೆ ಕಟ್ಟುವ ಟಾರ್ಚು, ಫೋನು, ಪವರ್ ಬ್ಯಾಂಕು, ಸ್ವಲ್ಪ ನಗದು, ಆಧಾರ್ ಕಾರ್ಡು. ಒಂದು ಚೀಟಿಯಲ್ಲಿ ನಿಮ್ಮ ಹೆಸರು, ರಕ್ತದ ಗುಂಪು, ಕಾಯಿಲೆ, ಮನೆಯವರ ನಂಬರು ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಡಿ. ಫೋನು ಲಾಕ್ ಆಗಿದ್ದರೆ ಬೇರೆಯವರಿಗೆ ಪ್ರಯೋಜನವಿಲ್ಲ.

ಗಾಡಿಗೆ ಹಾಕುವ ಚೀಲದಲ್ಲಿ: ಎರಡು ಜೊತೆ ಬಟ್ಟೆ, ಸ್ವೆಟರ್, ಕಿವಿ ಮುಚ್ಚುವ ಟೋಪಿ, ಜಮಖಾನ, ಹೊದಿಕೆ, ಸೊಳ್ಳೆ ಮುಲಾಮು, ಸ್ಯಾಂಡಲ್, ಸ್ಟೀಲ್ ತಟ್ಟೆ ಲೋಟ, ಬಟ್ಟೆ ಒಣಹಾಕಲು ಹಗ್ಗ. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆಯಿರಿ. ಕತ್ತಲಲ್ಲಿ ಮೂವತ್ತು ಕಪ್ಪು ಚೀಲದಲ್ಲಿ ನಿಮ್ಮದನ್ನು ಹುಡುಕುವುದು ಬಹಳ ಬೇಸರದ ಕೆಲಸ.

ಮಲಗುವ ಚೀಲ, ಟೆಂಟು ಬೇಡ.

ಲಗೇಜು ಗಾಡಿ ಇದ್ದರೆ ಎಲ್ಲ ಸುಲಭ ಅಲ್ವಾ?

ಸುಲಭ ಹೌದು. ಆದರೆ ಗಾಡಿ ಯಾವಾಗಲೂ ನಿಮ್ಮ ಜೊತೆ ಇರುವುದಿಲ್ಲ. ಅಡುಗೆಯವರನ್ನು ಕರೆದುಕೊಂಡು ಮುಂದೆ ಹೋಗಿರುತ್ತದೆ. ಘಾಟಿಯಲ್ಲಿ ಫೋನ್ ಸಿಗ್ನಲ್ ಸಿಗದ ಜಾಗಗಳಿವೆ. ಮಾತ್ರೆ, ಹಣ, ಟಾರ್ಚು ಎಂದಿಗೂ ಗಾಡಿಗೆ ಹಾಕಬೇಡಿ.

ಯಾವ ಬಟ್ಟೆ ಹಾಕಬೇಕು?

ಸಡಿಲವಾದ, ಬೇಗ ಒಣಗುವ, ತುಂಬು ತೋಳಿನ ಬಟ್ಟೆ. ಜೀನ್ಸ್ ಖಂಡಿತ ಬೇಡ. ತೊಡೆ ಸಂದು ಉಜ್ಜಿ ಸುಲಿಯುವುದು ಹೆಣ್ಣು ಗಂಡು ಎಲ್ಲರಿಗೂ ಆಗುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಳಗೆ ಸೈಕಲ್ ಹೊಡೆಯುವವರು ಹಾಕುವ ಬಿಗಿ ಚಡ್ಡಿ ಹಾಕಿ, ಬೆಳಿಗ್ಗೆ ಹೊರಡುವಾಗಲೇ ವ್ಯಾಸಲಿನ್ ಹಚ್ಚಿಕೊಳ್ಳಿ. ಕೊಬ್ಬರಿ ಎಣ್ಣೆಯೂ ಆಗುತ್ತದೆ. ದೇವಸ್ಥಾನಕ್ಕೆ ಒಂದು ಜೊತೆ ಶುಭ್ರ ಬಟ್ಟೆಯನ್ನು ಬೇರೆ ಕವರಿನಲ್ಲಿ ಕಟ್ಟಿಡಿ. ಗಂಡಸರು ಒಳಗೆ ಹೋಗುವಾಗ ಅಂಗಿ ತೆಗೆಯಬೇಕು, ಪಂಚೆ ಇದ್ದರೆ ಚೆಂದ.

ಹೆಣ್ಣುಮಕ್ಕಳಿಗೆ ಶೌಚಾಲಯದ್ದೇ ಚಿಂತೆ. ಹೇಗೆ ನಿಭಾಯಿಸುತ್ತೀರಿ?

ಈ ಚಿಂತೆಗೆ ಅನೇಕರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಅದು ಎಲ್ಲಕ್ಕಿಂತ ಅಪಾಯ. ಬಿಸಿಲಲ್ಲಿ ತಲೆಸುತ್ತು, ಆಮೇಲೆ ಉರಿಮೂತ್ರ, ಎರಡೂ ಕಟ್ಟಿಟ್ಟ ಬುತ್ತಿ. ನೆಲಮಂಗಲದಿಂದ ಹಾಸನದವರೆಗೆ ಪೆಟ್ರೋಲ್ ಬಂಕು, ಹೋಟೆಲು ಸಾಕಷ್ಟು ಸಿಗುತ್ತವೆ. ಬಂಕಿನಲ್ಲಿ ಕೇಳಿದರೆ ಕೊಡುತ್ತಾರೆ, ಸಂಕೋಚ ಬೇಡ. ಬೇಲೂರು ದಾಟಿದ ಮೇಲೆ ಕಡಿಮೆ. ಅಲ್ಲಿ ಇಬ್ಬರು ಮೂವರು ಸೇರಿ ಹೋಗಿ, ಒಬ್ಬರು ದುಪ್ಪಟ್ಟಾ ಹಿಡಿದು ಮರೆ ಮಾಡಿ. ಪೇಪರ್ ಸೋಪು, ಒಂದು ಚಿಕ್ಕ ಬಾಟಲಿ ನೀರು ಬೇರೆಯಾಗಿ ಇಟ್ಟುಕೊಳ್ಳಿ.

ಮುಟ್ಟಿನ ದಿನ ನಡುವೆ ಬರುವ ಹಾಗಿದ್ದರೆ ಪ್ಯಾಡು ಜಾಸ್ತಿಯೇ ಇಟ್ಟುಕೊಳ್ಳಿ, ಸುತ್ತಿ ಹಾಕಲು ಕಾಗದವೂ ಇರಲಿ. ಮುಂದೂಡುವ ಮಾತ್ರೆಯನ್ನು ಅಂಗಡಿಯಿಂದ ಸುಮ್ನೆ ತಂದು ನುಂಗಬೇಡಿ. ಡಾಕ್ಟರನ್ನು ಕೇಳಿ, ಅದೂ ತಿಂಗಳು ಮುಂಚೆ.

ಊಟ, ನೀರು?

ಊಟಕ್ಕೆ ಚಿಂತೆಯೇ ಇಲ್ಲ. ಹಬ್ಬ ಹತ್ತಿರವಾಗುತ್ತಿದ್ದಂತೆ ದಾರಿಯುದ್ದ ಜನ ಪೆಂಡಾಲು ಹಾಕಿ ಕರೆದು ಬಡಿಸುತ್ತಾರೆ. ಮಜ್ಜಿಗೆ, ಪಾನಕ, ಕಲ್ಲಂಗಡಿ, ಚಿತ್ರಾನ್ನ, ಕೇಸರಿಬಾತು. ಕಾಲು ಒತ್ತಿಕೊಡುವವರೂ ಇದ್ದಾರೆ. ಗುರುತಿಲ್ಲದವರ ಕಾಲು ಮುಟ್ಟಿ ಎಣ್ಣೆ ಹಚ್ಚುವ ಆ ಜನರನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಆದರೆ ಕರೆದ ಕಡೆಯೆಲ್ಲ ಹೊಟ್ಟೆ ಬಿರಿಯೆ ತಿಂದರೆ ನಡೆಯಲು ಆಗುವುದಿಲ್ಲ. ಸ್ವಲ್ಪ ಸ್ವಲ್ಪ, ಹಲವು ಸಲ. ಕಿಸೆಯಲ್ಲಿ ಕಡಲೆಕಾಯಿ ಚಿಕ್ಕಿ, ಖರ್ಜೂರ, ಹುರಿಗಾಳು ಇರಲಿ.

ನೀರನ್ನು ಬಾಯಾರುವವರೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ಕೆಲವು ಗುಟುಕು ಕುಡಿಯಿರಿ. ಮೂತ್ರ ಗಾಢ ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದೇ ಅರ್ಥ. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ದಿನಕ್ಕೆ ಒಂದೆರಡು ಓಆರ್‌ಎಸ್ ಪೊಟ್ಟಣ ಕುಡಿಯಿರಿ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಬೇಕು, ಲೋಟಕ್ಕಲ್ಲ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಚಮಚದ ಅಂಚಿಗೆ ಮಟ್ಟವಾಗಿ.

ತಟ್ಟೆ ಲೋಟ ನಿಮ್ಮದೇ ಒಯ್ಯಿರಿ ಅಂದೆನಲ್ಲ, ಕಾರಣ ಹೇಳುತ್ತೇನೆ. ಹಬ್ಬದ ವಾರ ಚಾರ್ಮಾಡಿಯ ತಿರುವುಗಳಲ್ಲಿ ಕೆಳಗೆ ನೋಡಿದರೆ ಬಾಟಲಿ, ಕಾಗದದ ತಟ್ಟೆ, ಲೋಟದ ರಾಶಿ. ಕೋತಿಗಳು ಅವನ್ನೇ ನೆಕ್ಕುತ್ತಿರುತ್ತವೆ. ದೇವರ ಹೆಸರು ಹೇಳಿಕೊಂಡು ಹೋಗಿ ಆ ಕಾಡಿಗೆ ಕಸ ಸುರಿಯುವುದು ನನಗೆ ಸಹಿಸಲಾಗುವುದಿಲ್ಲ. ಒಂದು ಸ್ಟೀಲ್ ತಟ್ಟೆಯ ತೂಕವೇನೂ ಹೆಚ್ಚಲ್ಲ.

ಎಷ್ಟು ಹೊತ್ತಿಗೆ ನಡೆಯಬೇಕು? ರಾತ್ರಿ ತಂಪಲ್ವಾ?

ರಾತ್ರಿ ತಂಪು, ಆದರೆ ಅಪಾಯ. ಬೆಳಗಿನ ಜಾವ ಮೂರರಿಂದ ಐದರವರೆಗೆ ಡ್ರೈವರ್‌ಗಳಿಗೆ ನಿದ್ದೆ ಎಳೆಯುವ ಹೊತ್ತು. ನಾವು ಐದಕ್ಕೆ ಮುಂಚೆ ರಸ್ತೆಗೆ ಇಳಿಯುವುದಿಲ್ಲ. ಐದರಿಂದ ಹತ್ತೂವರೆ, ಆಮೇಲೆ ಊಟ ನಿದ್ದೆ, ಮತ್ತೆ ನಾಲ್ಕರಿಂದ ಏಳು.

ರಸ್ತೆಯ ಬಲಗಡೆ, ಎದುರಿನಿಂದ ಬರುವ ವಾಹನ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಎಲ್ಲರಿಗೂ ಬೆಳಕಿಗೆ ಹೊಳೆಯುವ ಜಾಕೆಟ್ ಬೇಕು, ಬೆಲೆ ಹೆಚ್ಚಿಲ್ಲ. ಮೊದಲಿನವರ ಕೈಯಲ್ಲಿ ಟಾರ್ಚು, ಕೊನೆಯವರ ಬೆನ್ನಿಗೆ ಕೆಂಪು ಮಿಣುಕು ದೀಪ. ಕಿವಿಗೆ ಇಯರ್‌ಫೋನ್ ಬೇಡ. ದಣಿವಾದರೆ ರಸ್ತೆಯ ಅಂಚಿನ ಬಿಳಿ ಗೆರೆಯ ಮೇಲೆ ಕೂರಬೇಡಿ, ಮಲಗಲಂತೂ ಬೇಡ. ರಸ್ತೆಯಿಂದ ಕೆಳಗಿಳಿದು ಕೂರಿ. ಏನಾದರೂ ಆದರೆ 108 ಅಥವಾ 112. ಹೆದ್ದಾರಿಯ ಕಿ.ಮೀ. ಕಲ್ಲಿನ ನಂಬರು ನೋಡಿ ಹೇಳಿದರೆ ಜಾಗ ಬೇಗ ಸಿಗುತ್ತದೆ.

ಆನೆ ಇರುತ್ತದಂತೆ, ನಿಜವಾ?

ನಿಜ. ಬೇಲೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಆನೆ ಓಡಾಡುತ್ತವೆ, ಚಾರ್ಮಾಡಿಯಲ್ಲೂ ರಸ್ತೆಗೆ ಬರುತ್ತವೆ. ಬೇಲೂರಿನಿಂದ ಮುಂದೆ ನಾವು ಬೆಳಿಗ್ಗೆ ಆರೂವರೆಗೆ ಹೊರಟು ಸಂಜೆ ಐದೂವರೆಗೆ ತಂಗುತ್ತೇವೆ. ಹಿಂದಿನ ರಾತ್ರಿ ಟೀ ಅಂಗಡಿಯಲ್ಲಿ, ತೋಟದವರಲ್ಲಿ "ಆನೆ ಯಾವ ಕಡೆ ಇದೆ?" ಅಂತ ಕೇಳಿ. ಅವರಿಗೆ ಸರಿಯಾಗಿ ಗೊತ್ತಿರುತ್ತದೆ. ಅರಣ್ಯ ಇಲಾಖೆಯವರು ನಿಲ್ಲಿ ಅಂದರೆ ನಿಲ್ಲಿ. ಅಡ್ಡದಾರಿ ಅಂತ ತೋಟದೊಳಗೆ ನುಗ್ಗಬೇಡಿ.

ಆನೆಗಿಂತ ಚಿಕ್ಕದೊಂದನ್ನು ಜನ ಮರೆಯುತ್ತಾರೆ, ರಕ್ತ ಹೀರುವ ಉಣುಗು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಈ ಹುಳದಿಂದಲೇ ಹರಡುತ್ತದೆ, ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ನಮ್ಮ ಯಾತ್ರೆಯೂ ಆಗಲೇ. ರಸ್ತೆಯಲ್ಲಿ ನಡೆದರೆ ಭಯವಿಲ್ಲ, ಮರದ ಕೆಳಗೆ ತರಗೆಲೆಯ ಮೇಲೆ ಮೈಚಾಚುವುದು ಬೇಡ. ಸಂಜೆ ಮೈ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿ ಬೇಡ. ಮನೆಗೆ ಬಂದ ಹತ್ತು ದಿನದೊಳಗೆ ಜೋರು ಜ್ವರ ಬಂದರೆ ಮಲೆನಾಡಿನಲ್ಲಿ ನಡೆದು ಬಂದೆ ಅಂತ ಡಾಕ್ಟರಿಗೆ ತಪ್ಪದೆ ಹೇಳಿ.

ಘಾಟಿ ಇಳಿಯುವುದು ಸುಲಭ ಅಲ್ವಾ?

ಹಾಗೆ ಅನ್ನಿಸುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಊರಿನವರೆಗೆ ಇಪ್ಪತ್ತು ಕಿ.ಮೀ. ಮೇಲೆ ಇಳಿಜಾರು. ಪ್ರತಿ ಹೆಜ್ಜೆಗೂ ಮಂಡಿ ತೂಕ ತಡೆಯಬೇಕು, ಬೆರಳು ಶೂ ತುದಿಗೆ ಗುದ್ದುತ್ತದೆ. ಎರಡು ದಿನ ಮುಂಚೆಯೇ ಉಗುರು ನೇರವಾಗಿ ಕತ್ತರಿಸಿ. ಇಳಿಯುವಾಗ ಲೇಸನ್ನು ಕಣಕಾಲಿನ ಹತ್ತಿರ ಬಿಗಿ ಮಾಡಿ, ಮುಂದೆ ಸಡಿಲ ಬಿಡಿ. ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ಸ್ವಲ್ಪ ಬಾಗಿರಲಿ. ಒಂದು ಕೋಲು ಇದ್ದರೆ ಸ್ವಲ್ಪ ಭಾರ ಅದಕ್ಕೆ. ಓಡಿ ಇಳಿಯುವ ಹುಡುಗರನ್ನು ತಡೆಯಿರಿ, ಮರುದಿನ ಉಜಿರೆಯಲ್ಲಿ ಅವರೇ ಕೂತಿರುತ್ತಾರೆ. ದಾರಿಯಲ್ಲಿ ಅಣ್ಣಪ್ಪಸ್ವಾಮಿ ಗುಡಿ ಸಿಗುತ್ತದೆ. ಅಲ್ಲಿ ಕೈಮುಗಿದು, ಶೂ ಬಿಚ್ಚಿ ಹದಿನೈದು ನಿಮಿಷ ಕೂರಿ. ತಿಂಡಿ ಪೊಟ್ಟಣ ಮಾತ್ರ ಕೈಯಲ್ಲಿ ಹಿಡಿಯಬೇಡಿ, ಕೋತಿ ಕಸಿಯುತ್ತದೆ.

ಘಾಟಿ ಇಳಿದ ಮೇಲೆ ಹವೆ ಪೂರ್ತಿ ಬೇರೆ. ಮೇಲೆ ಸ್ವೆಟರ್ ಹಾಕಿದ್ದವರು ಕೆಳಗೆ ಬೆವರಿನಲ್ಲಿ ತೊಯ್ಯುತ್ತಾರೆ. ಕೊನೆಯ ಎರಡು ದಿನ ನೀರು ಜಾಸ್ತಿ ಬೇಕು.

ಸಕ್ಕರೆ, ಬಿಪಿ ಇರುವವರು ಬರಬಹುದಾ?

ನಮ್ಮ ತಂಡದಲ್ಲಿ ಇಬ್ಬರು ಬರುತ್ತಾರೆ. ಹೊರಡುವ ತಿಂಗಳ ಮುಂಚೆ ಡಾಕ್ಟರಿಗೆ "ದಿನಕ್ಕೆ 25 ಕಿ.ಮೀ. ನಡೆಯುತ್ತೇನೆ" ಅಂತ ಸ್ಪಷ್ಟವಾಗಿ ಹೇಳಿ. ಅಷ್ಟು ನಡೆದಾಗ ಸಕ್ಕರೆ ಇಳಿಯುತ್ತದೆ, ಮಾತ್ರೆ ಅಥವಾ ಇನ್ಸುಲಿನ್ ಅಳತೆ ಬದಲಾಗಬೇಕಾಗಬಹುದು. ಕಿಸೆಯಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಸದಾ ಇರಲಿ. ಉಪವಾಸದಲ್ಲಿ ನಡೆಯಬೇಡಿ. ರಾತ್ರಿ ಬೇರೆಯವರ ಕೈಲಿ ಅಂಗಾಲು ನೋಡಿಸಿಕೊಳ್ಳಿ.

ಎಲ್ಲರಿಗೂ ಒಂದು ಮಾತು. ನೋವಿನ ಮಾತ್ರೆಯನ್ನು ಬೆಳಿಗ್ಗೆ ನುಂಗಿ ನಡೆಯುವ ರೂಢಿ ತುಂಬ ಇದೆ. ಬೆವರಿ ನೀರು ಕಡಿಮೆಯಾದ ದೇಹದಲ್ಲಿ, ಅದೂ ಖಾಲಿ ಹೊಟ್ಟೆಯಲ್ಲಿ, ಆ ಮಾತ್ರೆಗಳು ಮೂತ್ರಪಿಂಡಕ್ಕೂ ಹೊಟ್ಟೆಗೂ ಕೆಡುಕು ಮಾಡುತ್ತವೆ. ನೋವು ಮುಚ್ಚಿಹೋದರೆ ಎಲ್ಲಿ ನಿಲ್ಲಬೇಕು ಅನ್ನುವುದೂ ತಿಳಿಯುವುದಿಲ್ಲ.

ರಾತ್ರಿ ಎಲ್ಲಿ ತಂಗುತ್ತೀರಿ?

ಕಲ್ಯಾಣ ಮಂಟಪ, ಶಾಲೆ, ದೇವಸ್ಥಾನದ ಜಗಲಿ. ತಂಡದಲ್ಲಿ ಒಬ್ಬರು ತಿಂಗಳ ಮುಂಚೆಯೇ ಹೋಗಿ ಮಾತಾಡಿ ಬರಬೇಕು, ಹಬ್ಬದ ವಾರ ನೂರಾರು ತಂಡಗಳು ಅದೇ ದಾರಿಯಲ್ಲಿರುತ್ತವೆ. ನೀರು ಇದೆಯಾ, ಹೆಂಗಸರಿಗೆ ಬೇರೆ ಕೋಣೆ ಇದೆಯಾ, ಈ ಎರಡು ಮೊದಲು ನೋಡಿ. ಬೆಳಿಗ್ಗೆ ಗುಡಿಸಿ ಬಿಟ್ಟು ಬನ್ನಿ.

ಅರ್ಧ ದಾರಿಯಲ್ಲಿ ಆಗದೇ ಹೋದರೆ?

ಬಸ್ಸು ಹತ್ತಿ. ಹಾಸನದಿಂದ ಧರ್ಮಸ್ಥಳಕ್ಕೂ ಇದೆ, ಬೆಂಗಳೂರಿಗೂ ಇದೆ. ಒಂದು ದಿನ ಬಸ್ಸಿನಲ್ಲಿ ಮುಂದೆ ಹೋಗಿ, ಕಾಲು ಸರಿಯಾದ ಮೇಲೆ ತಂಡವನ್ನು ಮತ್ತೆ ಸೇರಿಕೊಂಡವರು ನಮ್ಮಲ್ಲಿ ಹಲವರಿದ್ದಾರೆ. ಚನ್ನರಾಯಪಟ್ಟಣದಿಂದ ವಾಪಸ್ ಬಂದ ದಿನ ನಾನು ಯಾರಿಗೂ ಮುಖ ತೋರಿಸಲಾರದೆ ಅತ್ತಿದ್ದೆ. ನನ್ನ ಅತ್ತೆ ಬಿಸಿನೀರು ತಂದಿಟ್ಟು, "ಅವನೇನು ಓಡಿಹೋಗ್ತಾನೇನಮ್ಮ, ಮುಂದಿನ ವರ್ಷವೂ ಅಲ್ಲೇ ಇರ್ತಾನೆ" ಅಂದರು. ತಂಡದ ಮುಂದಾಳುಗಳು ಹೊರಡುವ ದಿನವೇ ಎಲ್ಲರ ಎದುರು ಹೇಳಿಬಿಡಿ: ಯಾರು ಎಲ್ಲಿ ನಿಂತರೂ ಯಾರೂ ಒಂದು ಮಾತು ಆಡುವಂತಿಲ್ಲ.

ತಲುಪಿದ ಮೇಲೆ ನೇತ್ರಾವತಿಯಲ್ಲಿ ಸ್ನಾನ ಮಾಡಬಹುದಾ?

ಉಜಿರೆಯಿಂದ ಬರುವಾಗ ದೇವಸ್ಥಾನಕ್ಕೆ ಮೊದಲೇ ನದಿ ಸಿಗುತ್ತದೆ. ಆ ನೀರು ಕಂಡಾಗ ಇಳಿಯದೆ ಇರುವುದು ಕಷ್ಟ. ಕಾಲಿನಲ್ಲಿ ಒಡೆದ ಬೊಬ್ಬೆ ಇದ್ದವರು ಮಾತ್ರ ತಲೆಗೆ ನೀರು ಪ್ರೋಕ್ಷಿಸಿಕೊಂಡು, ವಸತಿಯ ನಲ್ಲಿ ನೀರಿನಲ್ಲಿ ಮೀಯಿರಿ. ಸಾವಿರಾರು ಜನ ಇಳಿದ ನೀರು ತೆರೆದ ಗಾಯಕ್ಕೆ ಒಳ್ಳೆಯದಲ್ಲ. ಹಬ್ಬದ ದಿನ ದರ್ಶನದ ಸಾಲು ಉದ್ದ, ಕೂರಲು ಜಾಗ ಇರುವಲ್ಲಿ ಕೂರಿ. ವಾಪಸ್ ಬರುವ ಬಸ್ಸಿನ ಸೀಟನ್ನು ಮನೆಯಿಂದ ಹೊರಡುವ ಮುಂಚೆಯೇ ಕಾಯ್ದಿರಿಸಿ, ಹಬ್ಬದ ಮರುದಿನ ನಿಲ್ಲಲೂ ಜಾಗ ಸಿಗುವುದಿಲ್ಲ. ಬಸ್ಸಿನಲ್ಲಿ ಶೂ ಹಾಕಬೇಡಿ, ಆ ಸ್ಯಾಂಡಲ್ ಹಾಕಿ. ಗಂಟೆಗಟ್ಟಲೆ ಕೂತರೆ ಕಾಲು ಇನ್ನೂ ಊದುತ್ತದೆ, ನಿಲ್ಲಿಸಿದ ಕಡೆಯೆಲ್ಲ ಇಳಿದು ನಾಲ್ಕು ಹೆಜ್ಜೆ ನಡೆಯಿರಿ.